ಮರೆಹೊಕ್ಕ ಯೋಧನೂ ನಗರಸಭೆಯ ಧರ್ಮವೂ



ಕನ್ನಡ ನಾಡಿನ ಶಾಸನಗಳನ್ನು ಓದುವವರಿಗೆ 'ಶರಣಾಗತ ವಜ್ರಪಂಜರ' ಎಂಬ ಬಿರುದು ಚಿರಪರಿಚಿತವಾದುದು. ಅರಸನ ಶೌರ್ಯವನ್ನು ಹೊಗಳುವ ಹತ್ತಾರು ವಿಶೇಷಣಗಳ ನಡುವೆ ಈ ಒಂದು ಮಾತು ತಪ್ಪದೆ ಬರುತ್ತದೆ. ಕೊಲ್ಲುವ ಶಕ್ತಿಯೊಂದೇ ಅರಸುತನವಲ್ಲ, ಮರೆಹೊಕ್ಕವನನ್ನು ಕಾಯುವ ಶಕ್ತಿಯೂ ಅರಸುತನವೇ ಎಂಬ ತಿಳಿವು ಈ ಬಿರುದಿನ ಹಿಂದಿದೆ. 'ಮರೆ' ಎಂಬ ಪದಕ್ಕೆ ಆಸರೆ ಎಂಬ ಅರ್ಥವೂ ಉಂಟು, ಅಡ್ಡ ಎಂಬ ಅರ್ಥವೂ ಉಂಟು. ಬೆನ್ನಟ್ಟಿ ಬಂದವನಿಗೂ ಬೆದರಿ ಬಂದವನಿಗೂ ನಡುವೆ ಅಡ್ಡವಾಗಿ ನಿಲ್ಲುವುದೇ ಮರೆ ನೀಡುವುದು. ನಾವು ದಿನನಿತ್ಯ ಬಳಸುವ 'ಶರಣು' ಎಂಬ ಪದದಲ್ಲಿಯೂ ಅಡಗಿರುವುದು ಇದೇ ಅರ್ಥ.

ಅದೇ ನಾಡಿನಲ್ಲಿ ಸಾವಿರಾರು ವೀರಗಲ್ಲುಗಳೂ ಇವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನ ಪಟ್ಟಿಕೆಯಲ್ಲಿ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲಿನ ಪಟ್ಟಿಕೆಯಲ್ಲಿ ಲಿಂಗದ ಸನ್ನಿಧಿ. ಒಡೆಯನ ಅನ್ನವುಂಡ ಋಣವನ್ನು ಪ್ರಾಣಕೊಟ್ಟು ತೀರಿಸುವ ಈ ನಿಷ್ಠೆಗೆ ನಮ್ಮ ಹಿರಿಯರು 'ಜೋಳವಾಳಿ' ಎಂಬ ಸುಂದರವಾದ ಹೆಸರನ್ನಿಟ್ಟಿದ್ದಾರೆ. ಪಂಪನ ಕರ್ಣನು ತನ್ನ ಹುಟ್ಟಿನ ಗುಟ್ಟನ್ನು ತಿಳಿದ ಮೇಲೂ ದುರ್ಯೋಧನನ ಪಕ್ಷವನ್ನು ಬಿಡದಿರುವುದು ಈ ಮೌಲ್ಯದ ಪರಾಕಾಷ್ಠೆಯಾಗಿದೆ. ಕಾದಿ ಮಡಿದವನಿಗೆ ಕಲ್ಲು ನಿಲ್ಲಿಸಿದ ಊರುಗಳು ನಮ್ಮಲ್ಲಿ ಅಸಂಖ್ಯ. ಆದರೆ 'ಈ ಯುದ್ಧ ಅಧರ್ಮದ್ದು, ಇದರಲ್ಲಿ ನಾನು ಕಾದಲಾರೆ' ಎಂದು ಕೈಯಾಯುಧವನ್ನು ಕೆಳಗಿಟ್ಟು ಬಂದವನಿಗೆ ಊರು ಏನು ಮಾಡಬೇಕು? ಅವನಿಗೆ ಕಲ್ಲು ನಿಲ್ಲಿಸುವುದಿರಲಿ, ಅವನ ಮೇಲೆ ಕಲ್ಲು ಎಸೆಯದಿರುವುದಾದರೂ ಸಾಧ್ಯವೆ? ಅರಸನು ಅವನನ್ನು ಬೆನ್ನಟ್ಟಿ ಬಂದಾಗ ಊರು ಅಡ್ಡ ನಿಲ್ಲಬಹುದೆ? ನಿಲ್ಲುವುದಾದರೆ ಎಷ್ಟರಮಟ್ಟಿಗೆ?

ಇದು ಬರಿಯ ಊಹೆಯ ಪ್ರಶ್ನೆಯಲ್ಲ. ಒಂದು ನಗರಸಭೆಯು ಈ ಪ್ರಶ್ನೆಯನ್ನು ತನ್ನ ಮುಂದಿಟ್ಟುಕೊಂಡು, ಗೊತ್ತುವಳಿಯನ್ನು ಅಂಗೀಕರಿಸಿ, ಉತ್ತರವನ್ನು ಕೊಟ್ಟಿದೆ. ಆ ಉತ್ತರವನ್ನು ಕುರಿತು ನನ್ನ ಅಭಿಪ್ರಾಯವನ್ನು ಭಕ್ತಬಂಧುಗಳ ಮುಂದಿಡುವುದು ಈ ಬರೆಹದ ಉದ್ದೇಶವಾಗಿದೆ.

ಅದು 1971ನೆಯ ಇಸವಿ. ವಿಯೆಟ್ನಾಂ ಯುದ್ಧವು ಅಮೆರಿಕದ ಜನಮನವನ್ನು ಎರಡಾಗಿ ಸೀಳಿದ್ದ ಕಾಲ. ಆ ವರ್ಷ ಅಮೆರಿಕದ ಭೂಸೇನೆಯಲ್ಲಿ ಸಾವಿರಕ್ಕೆ 70ಕ್ಕೂ ಹೆಚ್ಚು ಪ್ರಮಾಣದಲ್ಲಿ ಸೈನಿಕರು ಪಡೆಯನ್ನು ತೊರೆದು ಹೋಗುತ್ತಿದ್ದರು. ಕ್ಯಾಲಿಫೋರ್ನಿಯಾದ ಅಲಮೀಡ ನೌಕಾನೆಲೆಯಲ್ಲಿ 'ಕೋರಲ್ ಸೀ' ಎಂಬ ಬೃಹತ್ ವಿಮಾನವಾಹಕ ನೌಕೆಯು ವಿಯೆಟ್ನಾಮಿನತ್ತ ಹೊರಡಲು ಸಿದ್ಧವಾಗಿತ್ತು. ಅದರಲ್ಲಿದ್ದ ನಾವಿಕರ ಸಂಖ್ಯೆ ಸುಮಾರು 4000. ಅವರಲ್ಲಿ 1000ಕ್ಕೂ ಹೆಚ್ಚು ಮಂದಿ, ನಮ್ಮ ಹಡಗು ಈ ಯುದ್ಧಕ್ಕೆ ಹೋಗಬಾರದು ಎಂಬ ಮನವಿಗೆ ಸಹಿ ಹಾಕಿದರು. ಇವರು ಬೀದಿಯಲ್ಲಿ ಘೋಷಣೆ ಕೂಗುವ ವಿದ್ಯಾರ್ಥಿಗಳಲ್ಲ. ಸಮವಸ್ತ್ರ ತೊಟ್ಟವರು, ಸಂಬಳ ಪಡೆದವರು, ಪ್ರತಿಜ್ಞೆ ಸ್ವೀಕರಿಸಿದವರು. ಅಂಥವರು ಸಹಿ ಹಾಕಿದರೆಂಬುದೇ ಆ ಮನವಿಯ ತೂಕ.

ನೆಲೆಯ ಸಮೀಪದಲ್ಲಿಯೇ ಬರ್ಕ್ಲಿ ನಗರವಿದೆ. ಅಲ್ಲಿನ ಯೂನಿವರ್ಸಿಟಿ ಲೂಥರನ್ ಚಾಪೆಲ್ ಎಂಬ ಪ್ರಾರ್ಥನಾಮಂದಿರವು, ಹೋಗಲಾರೆವೆಂದು ಬಂದ ನಾವಿಕರಿಗೆ ಬಾಗಿಲು ತೆರೆಯುವುದಾಗಿ ಸಾರಿತು. ದೇವರ ಮನೆಯಲ್ಲಿ ಆಶ್ರಯ ಕೇಳುವುದು ಆ ಧರ್ಮದ ಪರಂಪರೆಯಲ್ಲಿ ಹೊಸದಲ್ಲ. ಹಳೆಯ ಒಡಂಬಡಿಕೆಯಲ್ಲಿ ಆರು ಆಶ್ರಯನಗರಗಳ ಪ್ರಸ್ತಾಪವಿದೆ. ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದವರೆಗೂ ಚರ್ಚಿನ ಮರೆಹೊಕ್ಕವನಿಗೆ ಒಂದು ಬಗೆಯ ರಕ್ಷಣೆಯಿತ್ತು. ಆದರೆ ಆಧುನಿಕ ಕಾನೂನಿನ ದೃಷ್ಟಿಯಲ್ಲಿ ಚರ್ಚಿನ ಗೋಡೆಯೂ ಸಾಮಾನ್ಯ ಮನೆಯ ಗೋಡೆಯಂತೆಯೇ. ಅದೇ ವರ್ಷದ ಅಕ್ಟೋಬರಿನ ಆರಂಭದಲ್ಲಿ ಸ್ಯಾನ್ ಡಿಯೇಗೊ ನಗರದ ಚರ್ಚೊಂದರಲ್ಲಿ ಆಶ್ರಯ ಪಡೆದಿದ್ದ 'ಕಾನ್‌ಸ್ಟಲೇಷನ್' ನೌಕೆಯ ಒಂಬತ್ತು ನಾವಿಕರನ್ನು ಅಲ್ಲಿಂದಲೇ ಬಂಧಿಸಿ ಒಯ್ಯಲಾಗಿತ್ತು.

ಬರ್ಕ್ಲಿಯಲ್ಲಿ ಒಂದು ಹೊಸ ಸಂಗತಿ ನಡೆಯಿತು. ಚರ್ಚಿನ ಜೊತೆಗೆ ನಗರಸಭೆಯೂ ನಿಂತಿತು. 1971ರ ನವೆಂಬರಿನಲ್ಲಿ, ಹಡಗು ಹೊರಡುವುದಕ್ಕೆ ಕೆಲವೇ ದಿನಗಳ ಮುಂಚೆ, ಅದು ಒಂದು ಗೊತ್ತುವಳಿಯನ್ನು ಅಂಗೀಕರಿಸಿತು. ಅದರ ಸಾರವನ್ನು ಮೂರು ಮಾತುಗಳಲ್ಲಿ ಹೇಳಬಹುದು. ಯುದ್ಧದಲ್ಲಿ ಭಾಗವಹಿಸಲೊಲ್ಲದವರಿಗೆ ಆಶ್ರಯಸ್ಥಾನವೊಂದಕ್ಕೆ ನಗರದ ಬೆಂಬಲವಿರುತ್ತದೆ. ಅಂತಹ ಆಶ್ರಯಸ್ಥಾನಗಳಲ್ಲಿ ಸೈನಿಕ ಸೇವೆಗೆ ಸಂಬಂಧಿಸಿದ ಕೇಂದ್ರ ಕಾನೂನುಗಳ ಉಲ್ಲಂಘನೆಗಾಗಿ ನಡೆಯುವ ತನಿಖೆಗಾಗಲಿ ಬಂಧನಕ್ಕಾಗಲಿ ಪೊಲೀಸರೂ ಸೇರಿದಂತೆ ನಗರದ ಯಾವ ನೌಕರನೂ ಸಹಾಯ ಮಾಡಬಾರದು. ಮರೆ ನೀಡಿದ ಸ್ಥಳಕ್ಕೆ ನಗರದ ಸಾಮಾನ್ಯ ಸೇವೆಗಳನ್ನು ನಿಲ್ಲಿಸಬಾರದು. ಅಷ್ಟೇ.

ನವೆಂಬರ್ 12ರಂದು ಹಡಗು ಹೊರಟೇ ಹೊರಟಿತು. ಸುಮಾರು 35 ನಾವಿಕರು ಹಡಗನ್ನು ಹತ್ತಲಿಲ್ಲ. 1972ರ ಮೇ 9ರಂದು ಉತ್ತರ ವಿಯೆಟ್ನಾಮಿನ ಹೈಫಾಂಗ್ ಬಂದರಿನಲ್ಲಿ ಸಿಡಿಗುಂಡುಗಳನ್ನು ಹುದುಗಿಸಿದ ವಿಮಾನಗಳು ಇದೇ 'ಕೋರಲ್ ಸೀ' ನೌಕೆಯಿಂದಲೇ ಹಾರಿದವು. ಪ್ಯಾರಿಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1973ರ ಜನವರಿಯಲ್ಲಿ. ಎಂದರೆ ಬರ್ಕ್ಲಿಯ ಗೊತ್ತುವಳಿಯಿಂದ ಯುದ್ಧ ನಿಲ್ಲಲಿಲ್ಲ, ಹಡಗೂ ನಿಲ್ಲಲಿಲ್ಲ. ಹಾಗಾದರೆ ಅದರಿಂದ ಆದ ಪ್ರಯೋಜನವೇನು ಎಂದು ಕೇಳುವವರಿದ್ದಾರೆ. ಪ್ರಯೋಜನವನ್ನು ಅಳೆಯುವ ಮೊದಲು, ಆ ನಾವಿಕರ ಮುಂದೆ ಬೇರೆ ಯಾವ ಬಾಗಿಲು ತೆರೆದಿತ್ತು ಎಂಬುದನ್ನು ನೋಡೋಣ.

ಅಮೆರಿಕದ ಕಾನೂನು ಅಂತಃಸಾಕ್ಷಿಯನ್ನು ಪೂರ್ತಿಯಾಗಿ ಅಲ್ಲಗಳೆದಿರಲಿಲ್ಲ. ಎಲ್ಲ ಬಗೆಯ ಯುದ್ಧವನ್ನೂ ನಂಬಿಕೆಯ ಬಲದಿಂದ ವಿರೋಧಿಸುವವನಿಗೆ ವಿನಾಯಿತಿಯಿತ್ತು. 1965ರ ಸೀಗರ್ ಮತ್ತು 1970ರ ವೆಲ್ಶ್ ಪ್ರಕರಣಗಳಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಆ ವಿನಾಯಿತಿಯ ಬಾಗಿಲನ್ನು ಇನ್ನಷ್ಟು ಅಗಲಿಸಿತ್ತು. ಆದರೆ 1971ರ ಮಾರ್ಚಿನಲ್ಲಿ ಗಿಲೆಟ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು, 'ಎಲ್ಲ ಯುದ್ಧವನ್ನೂ ಅಲ್ಲ, ಈ ಒಂದು ಯುದ್ಧವನ್ನು ಮಾತ್ರ ನಾನು ಅನ್ಯಾಯವೆನ್ನುತ್ತೇನೆ' ಎನ್ನುವವನಿಗೆ ವಿನಾಯಿತಿಯಿಲ್ಲವೆಂದು ತೀರ್ಪಿತ್ತಿತು. ಅದರೊಡನೆ ವಿಚಾರಣೆಗೆ ಬಂದಿದ್ದ ಇನ್ನೊಂದು ಪ್ರಕರಣವು ಆಗಲೇ ಸೇನೆಯಲ್ಲಿದ್ದ ನೆಗ್ರೆ ಎಂಬ ಕ್ಯಾಥೊಲಿಕ್ ಸೈನಿಕನದು. ಧರ್ಮಯುದ್ಧ ಯಾವುದು, ಅಧರ್ಮಯುದ್ಧ ಯಾವುದು ಎಂದು ವಿವೇಚಿಸಬೇಕೆಂದು ಅವನ ಧರ್ಮವೇ ಅವನಿಗೆ ಕಲಿಸಿತ್ತು. ವಿವೇಚಿಸಿದವನಿಗೆ ಕಾನೂನಿನಲ್ಲಿ ಸ್ಥಳವಿರಲಿಲ್ಲ.

ಇದು ವಿಚಿತ್ರವಾದ ಪರಿಸ್ಥಿತಿಯಲ್ಲವೆ? ಎಲ್ಲವನ್ನೂ ನಿರಾಕರಿಸುವವನಿಗೆ ಮನ್ನಣೆ, ತೂಗಿನೋಡಿ ನಿರಾಕರಿಸುವವನಿಗೆ ಸೆರೆಮನೆ. ವಿವೇಕವೆಂದರೆ ಇದು ಸರಿ, ಇದು ಸರಿಯಲ್ಲ ಎಂದು ಬಿಡಿಬಿಡಿಯಾಗಿ ಕಾಣುವ ಶಕ್ತಿಯೇ ಆಗಿದೆ. ಎರಡನೆಯ ಮಹಾಯುದ್ಧದ ತರುವಾಯ ನ್ಯೂರೆಂಬರ್ಗ್ ವಿಚಾರಣೆಯಿಂದ ಹೊಮ್ಮಿದ ತತ್ತ್ವವೂ ಇದೇ: ನೈತಿಕವಾದ ಆಯ್ಕೆಗೆ ಅವಕಾಶವಿದ್ದಾಗ, ಮೇಲಿನವರ ಆಜ್ಞೆಯಂತೆ ನಡೆದೆನೆಂಬುದರಿಂದ ಹೊಣೆ ತಪ್ಪುವುದಿಲ್ಲ. 1950ರಲ್ಲಿ ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಕಾನೂನು ಆಯೋಗವು ಇದನ್ನು ಸೂತ್ರರೂಪದಲ್ಲಿ ಬರೆದಿಟ್ಟಿತು. ಆಜ್ಞೆಯನ್ನು ಪಾಲಿಸಿದ್ದಕ್ಕೆ ನೀನೇ ಹೊಣೆ ಎಂದು ಜಗತ್ತು ಸೈನಿಕನಿಗೆ ಹೇಳುತ್ತದೆ. ಆಜ್ಞೆಯನ್ನು ಮೀರಿದರೆ ಶಿಕ್ಷಿಸುತ್ತೇನೆ ಎಂದು ಅವನ ರಾಜ್ಯ ಹೇಳುತ್ತದೆ. ಈ ಎರಡು ಮಾತುಗಳ ನಡುವೆ ಸಿಲುಕಿದ ಇಪ್ಪತ್ತರ ಹರೆಯದ ಹುಡುಗನಿಗೆ ಕುಳಿತು ಯೋಚಿಸಲು ಒಂದು ಮೂಲೆಯಾದರೂ ಬೇಡವೆ? ಬರ್ಕ್ಲಿ ನಗರಸಭೆಯು ಕೊಡಲೆತ್ನಿಸಿದ್ದು ಆ ಮೂಲೆಯನ್ನು.

ಸ್ಥಳೀಯ ಆಡಳಿತವೊಂದು ಇಂತಹ ಸಂದರ್ಭದಲ್ಲಿ ಇದಕ್ಕೆ ನೇರ ವಿರುದ್ಧವಾಗಿಯೂ ನಡೆದುಕೊಳ್ಳಬಹುದು ಎಂಬುದಕ್ಕೆ ಬ್ರಿಟನ್ನಿನ ಇತಿಹಾಸವೇ ಸಾಕ್ಷಿ. 1916ರಲ್ಲಿ ಅಲ್ಲಿ ಕಡ್ಡಾಯ ಸೈನ್ಯಸೇವೆಯ ಕಾಯಿದೆ ಬಂದಾಗ, ಅಂತಃಸಾಕ್ಷಿಯ ಕಾರಣಕ್ಕೆ ವಿನಾಯಿತಿ ಕೇಳುವವರ ಅಹವಾಲನ್ನು ಕೇಳಲು ಊರೂರಿನಲ್ಲಿ ಸ್ಥಳೀಯ ನ್ಯಾಯಮಂಡಲಿಗಳು ಏರ್ಪಟ್ಟವು. ಅವುಗಳ ಸಂಖ್ಯೆ 2000ಕ್ಕೂ ಹೆಚ್ಚು. ಆ ಮಂಡಲಿಗಳಲ್ಲಿ ಕುಳಿತವರು ಬಹುಮಟ್ಟಿಗೆ ಊರಿನ ನಗರಸಭಾ ಸದಸ್ಯರು, ವ್ಯಾಪಾರಿಗಳು, ಗಣ್ಯರು. ಸೇನೆಯ ಪ್ರತಿನಿಧಿಯೊಬ್ಬರು ಅಲ್ಲಿ ಹಾಜರಿರುತ್ತಿದ್ದರು. ನಿರಾಕರಿಸಿದವರ ಸಂಖ್ಯೆ ಒಟ್ಟು 16000ದಷ್ಟಿತ್ತೆಂದು ಅಂದಾಜು. ಕಾನೂನು ಅವರಿಗೆ ಒಂದು ಬಾಗಿಲನ್ನು ಇಟ್ಟಿತ್ತು, ಆದರೆ ಬಾಗಿಲಲ್ಲಿ ನಿಂತ ನೆರೆಹೊರೆಯವರು ಅನೇಕ ವೇಳೆ ಒಳಬಂದವನ ಮಾತನ್ನು ಕೇಳುವ ತಾಳ್ಮೆಯನ್ನೇ ತೋರಲಿಲ್ಲ. ಅದೇ ವರ್ಷ 35 ಮಂದಿ ನಿರಾಕರಣಕಾರರನ್ನು ಫ್ರಾನ್ಸಿಗೆ ಸಾಗಿಸಿ, ಸೈನಿಕ ನ್ಯಾಯಾಲಯದಲ್ಲಿ ಮರಣದಂಡನೆ ವಿಧಿಸಿ, ಆ ಬಳಿಕ ಅದನ್ನು ಹತ್ತು ವರ್ಷಗಳ ಸೆರೆವಾಸಕ್ಕೆ ಇಳಿಸಲಾಯಿತು. ಯುದ್ಧ ಮುಗಿಯುತ್ತಿದ್ದ 1918ರ ಕಾಯಿದೆಯು ಅಂಥವರ ಮತದಾನದ ಹಕ್ಕನ್ನೇ ಐದು ವರ್ಷ ಕಸಿದುಕೊಂಡಿತು. ದೂರದ ರಾಜಧಾನಿಯ ಕೋಪಕ್ಕಿಂತ ಪಕ್ಕದ ಮನೆಯವನ ತಿರಸ್ಕಾರ ಹೆಚ್ಚು ನೋಯಿಸುತ್ತದೆ. ಆದಕಾರಣವೇ ಪಕ್ಕದ ಮನೆಯವನ ಆಸರೆಗೂ ಅಷ್ಟು ಬೆಲೆ.

ಇನ್ನು ಈ ವಿಚಾರಕ್ಕೆ ಬರುವ ಆಕ್ಷೇಪಗಳನ್ನು ಪ್ರಾಮಾಣಿಕವಾಗಿ ಎದುರಿಸಬೇಕಾಗಿದೆ.

ಮೊದಲನೆಯದು ಜೋಳವಾಳಿಯ ಆಕ್ಷೇಪ. ಅನ್ನವುಂಡು, ಸಂಬಳ ಪಡೆದು, ಆಣೆಯಿಟ್ಟು, ಕರೆ ಬಂದಾಗ ಹಿಂದೆ ಸರಿದರೆ ಅದು ದ್ರೋಹವಲ್ಲವೆ? ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಏಕೆಂದರೆ ಇದನ್ನು ಎತ್ತಿದವರಲ್ಲಿ ಗಾಂಧೀಜಿಯವರೂ ಇದ್ದಾರೆ. 1930ರ ಏಪ್ರಿಲ್ 23ರಂದು ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ನಿರಾಯುಧರಾದ ಖುದಾಯಿ ಖಿದ್ಮತ್‌ಗಾರರ ಮೇಲೆ ಗುಂಡು ಹಾರಿಸುವಂತೆ ಆಜ್ಞೆಯಾದಾಗ, ಗಢವಾಲ್ ರೈಫಲ್ಸಿನ ಚಂದ್ರಸಿಂಗ್ ಗಢವಾಲಿ ಮತ್ತು ಅವರ ಸಂಗಡಿಗರು ಆಜ್ಞೆಯನ್ನು ಪಾಲಿಸಲಿಲ್ಲ. ಅವರಿಗೆ ಜೀವಾವಧಿ ಶಿಕ್ಷೆಯಾಯಿತು, 1941ರಲ್ಲಿ ಬಿಡುಗಡೆಯಾಯಿತು. ಅಹಿಂಸೆಯ ಪ್ರತಿಪಾದಕರಾದ ಗಾಂಧೀಜಿ ಈ ಸೈನಿಕರನ್ನು ಮನಸಾರೆ ಕೊಂಡಾಡುವರೆಂದು ಯಾರಾದರೂ ಎಣಿಸಬಹುದು. ಆದರೆ ಒಬ್ಬ ಫ್ರೆಂಚ್ ಪತ್ರಕರ್ತನ ಪ್ರಶ್ನೆಗೆ ಉತ್ತರಿಸುತ್ತ ಅವರು, ಆಜ್ಞೆ ಮೀರಿದ ಸೈನಿಕ ತಾನಿಟ್ಟ ಆಣೆಯನ್ನು ಮುರಿದಂತೆಯೇ ಎಂಬ ನಿಲುವನ್ನು ತಳೆದರು. ಇಂದು ನಾನು ಅವಿಧೇಯತೆಯನ್ನು ಕಲಿಸಿದರೆ, ನಾಳೆ ನಮ್ಮದೇ ಆಡಳಿತ ಬಂದಾಗ ಅವರು ನಮ್ಮ ಮಾತನ್ನೂ ಕೇಳಲಾರರು ಎಂಬುದು ಅವರ ಆತಂಕವಾಗಿತ್ತು.

ಗಾಂಧೀಜಿಯವರ ಬಗೆಗೆ ಅಪಾರ ಗೌರವವನ್ನಿಟ್ಟುಕೊಂಡೇ ಈ ವಿಷಯದಲ್ಲಿ ನಾನು ಬೇರೆಯಾಗಿ ಯೋಚಿಸುತ್ತೇನೆ. ಜೋಳದ ಋಣ ನಿಜವಾದ ಋಣವೇ. ಆದರೆ ಯಾವ ಋಣವೂ ಅಳತೆಯಿಲ್ಲದ್ದಲ್ಲ. ಸೈನಿಕನು ಅನ್ನವುಂಡದ್ದು ನಾಡನ್ನು ಕಾಯುವೆನೆಂಬ ಮಾತಿಗೆ. ಒಡೆಯನು ಬಯಸಿದವರನ್ನೆಲ್ಲ ಕೊಲ್ಲುವೆನೆಂಬ ಮಾತಿಗಲ್ಲ. ತಾನು ಕೊಟ್ಟ ಮಾತಿನ ಎಲ್ಲೆಯನ್ನು ದಾಟಿ ಆಜ್ಞೆ ಬಂದಾಗ, ಮಾತನ್ನು ಮುರಿದವನು ಆಜ್ಞೆಯಿತ್ತವನೋ, ನಿರಾಕರಿಸಿದವನೋ? ಪೇಶಾವರದಲ್ಲಿ ಗಢವಾಲಿಯವರ ಮುಂದಿದ್ದ ಜನರ ಕೈಯಲ್ಲಿ ಶಸ್ತ್ರವಿರಲಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಅವರು ಓಡಿಹೋಗಲಿಲ್ಲ. ನಿರಾಕರಿಸಿ, ನಿಂತು, ಶಿಕ್ಷೆಯನ್ನು ಹೊತ್ತರು. ಶಿಕ್ಷೆಗೆ ಸಿದ್ಧನಾದವನ ನಿರಾಕರಣೆಯನ್ನು ಹೇಡಿತನವೆನ್ನಲು ಸಾಧ್ಯವಿಲ್ಲ.

ಪಂಪನೇ 'ಆದಿಪುರಾಣ'ದಲ್ಲಿ ನಮಗೆ ಬಾಹುಬಲಿಯನ್ನೂ ಕೊಟ್ಟಿದ್ದಾನೆಂಬುದನ್ನು ಇಲ್ಲಿ ನೆನೆಯಬೇಕು. ಎರಡೂ ಸೇನೆಗಳು ಎದುರುಬದುರಾಗಿ ನಿಂತಿರುವಾಗ ನಿರಪರಾಧಿಗಳಾದ ಸೈನಿಕರು ಸಾಯಬಾರದೆಂದು ಅಣ್ಣತಮ್ಮಂದಿರಿಬ್ಬರೇ ಸೆಣಸುವ ಏರ್ಪಾಡಾಗುತ್ತದೆ. ಗೆದ್ದವನು ಗೆಲುವನ್ನೇ ಬಿಟ್ಟು ತಪಸ್ಸಿಗೆ ನಡೆಯುತ್ತಾನೆ. ಕರ್ಣನ ನಿಷ್ಠೆಯನ್ನು ಹಾಡಿದ ಕವಿಯೇ ಬಾಹುಬಲಿಯ ತ್ಯಾಗವನ್ನೂ ಹಾಡಿದನು. ಯುದ್ಧದಿಂದ ಹಿಂದೆಗೆದ ವೀರನಿಗೆ ನಮ್ಮಲ್ಲಿ ಕಲ್ಲೇ ಇಲ್ಲವೆಂದು ಹೇಳಲಾಗದು. ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವುದು ಅದೇ ಕಲ್ಲು. ಆದರೆ ಅವನು ಅರಸುಕುಮಾರ. ಸಾಮಾನ್ಯ ಕಾಲಾಳಿಗೆ ಆ ಭಾಗ್ಯವಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಕಠಿಣವಾದುದು. ದೇಶದ ಕಾನೂನನ್ನು ಒಂದು ನಗರಸಭೆ ಧಿಕ್ಕರಿಸಬಹುದಾದರೆ, ಎಲ್ಲ ಊರುಗಳೂ ತಮಗೆ ಬೇಡವಾದ ಕಾನೂನನ್ನು ಧಿಕ್ಕರಿಸಬಹುದಲ್ಲವೆ? ಹಾಗಾದರೆ ರಾಜ್ಯವ್ಯವಸ್ಥೆಯ ಗತಿಯೇನು? ಇದಕ್ಕೂ ಅಮೆರಿಕದಲ್ಲಿಯೇ ಉದಾಹರಣೆಯಿದೆ. 1957ರ ಸೆಪ್ಟೆಂಬರಿನಲ್ಲಿ ಅರ್ಕನ್ಸಾ ರಾಜ್ಯದ ಗವರ್ನರ್ ಫಾಬಸ್, ಲಿಟಲ್ ರಾಕ್ ನಗರದ ಶಾಲೆಗೆ ಒಂಬತ್ತು ಮಂದಿ ಕಪ್ಪುವರ್ಣದ ವಿದ್ಯಾರ್ಥಿಗಳು ಪ್ರವೇಶಿಸದಂತೆ ರಾಜ್ಯದ ಪಡೆಯನ್ನೇ ನಿಲ್ಲಿಸಿದ. ಅವನೂ ಸ್ಥಳೀಯ ಜನರ ಇಚ್ಛೆಯ ಹೆಸರಿನಲ್ಲಿಯೇ ಮಾತನಾಡುತ್ತಿದ್ದ. ಕೊನೆಗೆ ಅಧ್ಯಕ್ಷ ಐಸೆನ್‌ಹೋವರ್ ಕೇಂದ್ರದ ಸೇನೆಯನ್ನು ಕಳುಹಿಸಿ ಆ ಮಕ್ಕಳನ್ನು ಶಾಲೆಗೆ ಸೇರಿಸಬೇಕಾಯಿತು. ಬರ್ಕ್ಲಿ ಸರಿಯಾದರೆ ಲಿಟಲ್ ರಾಕ್ ಏಕೆ ತಪ್ಪು?

ನನಗೆ ತೋರುವ ಉತ್ತರವಿದು. ಕೈ ಎತ್ತುವುದಕ್ಕೂ ಕೈ ಹಿಂದೆಗೆಯುವುದಕ್ಕೂ ವ್ಯತ್ಯಾಸವಿದೆ. ಫಾಬಸ್ ತನ್ನ ಅಧಿಕಾರದ ಕೈಯನ್ನು ದುರ್ಬಲರ ವಿರುದ್ಧ ಎತ್ತಿದ. ಬರ್ಕ್ಲಿಯು ತನ್ನ ಕೈಯನ್ನು ದುರ್ಬಲರ ಮೇಲೆ ಹಾಕಲೊಲ್ಲೆನೆಂದು ಹಿಂದೆಗೆಯಿತು. ಕೇಂದ್ರದ ಅಧಿಕಾರಿಗಳು ಬರ್ಕ್ಲಿಗೆ ಬಂದು ತಮ್ಮ ಕಾನೂನನ್ನು ತಾವೇ ಜಾರಿಗೊಳಿಸುವುದನ್ನು ಗೊತ್ತುವಳಿಯು ಬಲಾತ್ಕಾರದಿಂದ ತಡೆಯಲಿಲ್ಲ. 'ನಿಮ್ಮ ಕೆಲಸವನ್ನು ನೀವು ಮಾಡಿ, ನಮ್ಮ ಊರಿನ ಪೊಲೀಸನನ್ನು ಅದಕ್ಕೆ ಕೇಳಬೇಡಿ' ಎಂದಿತು, ಅಷ್ಟೇ.

ಈ ಭೇದವು ನನ್ನ ಕಲ್ಪನೆಯಲ್ಲ. ಅಮೆರಿಕದ ನ್ಯಾಯಪರಂಪರೆಯಲ್ಲಿಯೇ ಇದಕ್ಕೆ ಬೇರುಗಳಿವೆ. ದಕ್ಷಿಣದ ರಾಜ್ಯಗಳಿಂದ ತಪ್ಪಿಸಿಕೊಂಡು ಬಂದ ಗುಲಾಮರನ್ನು ಹಿಡಿದೊಪ್ಪಿಸಬೇಕೆಂಬ ಕೇಂದ್ರ ಕಾನೂನು ಜಾರಿಯಲ್ಲಿದ್ದ ಕಾಲದಲ್ಲಿ, 1842ರ ಪ್ರಿಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇಂದ್ರದ ಕಾನೂನನ್ನು ಎತ್ತಿಹಿಡಿಯಿತು. ಆದರೆ ಅದನ್ನು ಜಾರಿಗೊಳಿಸುವುದಕ್ಕೆ ರಾಜ್ಯಗಳ ಅಧಿಕಾರಿಗಳನ್ನು ಒತ್ತಾಯಪಡಿಸಲಾಗದೆಂಬ ಮಾತಿಗೂ ಆ ತೀರ್ಪು ಅವಕಾಶವಿತ್ತಿತು. ಮರುವರ್ಷವೇ ಮ್ಯಾಸಚೂಸೆಟ್ಸ್ ರಾಜ್ಯವು ತನ್ನ ಅಧಿಕಾರಿಗಳು ಗುಲಾಮರ ಬೇಟೆಯಲ್ಲಿ ಭಾಗಿಯಾಗಬಾರದೆಂದು ಕಾಯಿದೆ ಮಾಡಿತು. ಒಂದೂವರೆ ಶತಮಾನದ ಬಳಿಕ, 1997ರ ಪ್ರಿಂಟ್ಜ್ ಪ್ರಕರಣದಲ್ಲಿ, ಕೇಂದ್ರ ಸರ್ಕಾರವು ಸ್ಥಳೀಯ ಅಧಿಕಾರಿಗಳನ್ನು ತನ್ನ ಆಳುಗಳಂತೆ ದುಡಿಸಿಕೊಳ್ಳುವಂತಿಲ್ಲ ಎಂಬ ತತ್ತ್ವವನ್ನು ಅದೇ ನ್ಯಾಯಾಲಯವು ಸ್ಪಷ್ಟವಾಗಿ ಸಾರಿತು. ಆ ತೀರ್ಪು ಬಂದೂಕಿನ ಮಾರಾಟಕ್ಕೆ ಸಂಬಂಧಿಸಿದ್ದು, ಅದನ್ನು ತಂದವರು ಬರ್ಕ್ಲಿಯಂತಹ ಊರಿನ ವಿಚಾರಧಾರೆಯವರಲ್ಲ. ಹೀಗಾಗಿ ಈ ತತ್ತ್ವವು ಯಾವುದೇ ಒಂದು ಪಕ್ಷದ ಸೊತ್ತಲ್ಲ.

ಮೂರನೆಯ ಆಕ್ಷೇಪ, ಕಾದಲು ಹೋದವರಿಗೆ ಇದರಿಂದ ಅವಮಾನವಾಗುವುದಿಲ್ಲವೆ ಎಂಬುದು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಉತ್ತರ ಕರ್ನಾಟಕದ ಊರುಗಳಿಂದ, ಕೊಡಗಿನ ಮನೆಗಳಿಂದ ಸೇನೆಗೆ ಹೋದವರಿದ್ದಾರೆ. ಈ ಬರೆಹವನ್ನು ಓದುವ ತಾಯಂದಿರಲ್ಲಿಯೂ ಮಗನನ್ನು ಗಡಿಗೆ ಕಳುಹಿಸಿದವರು ಇರಬಹುದು. ಅವರ ಮನಸ್ಸನ್ನು ನೋಯಿಸುವಂತಹ ಯಾವ ಮಾತೂ ಧರ್ಮದ ಮಾತಾಗಲಾರದು. ಈ ವಿಷಯದಲ್ಲಿ ಬರ್ಕ್ಲಿ ನಗರಸಭೆಯೇ ನಮಗೊಂದು ಎಚ್ಚರಿಕೆಯ ಪಾಠವಾಗಿದೆ. ಇರಾಕ್ ಯುದ್ಧದ ಕಾಲದಲ್ಲಿ, 2008ರ ಜನವರಿಯಲ್ಲಿ, ಅದು ತನ್ನ ಊರಿನಲ್ಲಿದ್ದ ನೌಕಾಪದಾತಿ ದಳದ ನೇಮಕಾತಿ ಕಚೇರಿಯವರನ್ನು ಕರೆಯದೆ ಬಂದ ಅತಿಕ್ರಮಿಗಳೆಂಬ ಧಾಟಿಯಲ್ಲಿ ಹೀಗಳೆಯಿತು. ದೇಶದಾದ್ಯಂತ ಆಕ್ರೋಶವೆದ್ದಿತು. ಮರುತಿಂಗಳೇ ನಗರಸಭೆಯು ತನ್ನ ಮಾತನ್ನು ತಿದ್ದಿಕೊಂಡು, ಯುದ್ಧವನ್ನು ವಿರೋಧಿಸುತ್ತೇವೆ, ಸೇವೆಯಲ್ಲಿರುವವರನ್ನು ಗೌರವಿಸುತ್ತೇವೆ ಎನ್ನಬೇಕಾಯಿತು. 1971ರಲ್ಲಿ ಅದು ಸೈನಿಕನಿಗೆ ಮರೆಯಾಯಿತು, 2008ರಲ್ಲಿ ಸೈನಿಕನನ್ನೇ ಜರೆಯಿತು. ಮೊದಲನೆಯದು ಧರ್ಮ, ಎರಡನೆಯದು ಅಹಂಕಾರ. ಹೋಗಲಾರೆನೆಂದವನನ್ನು ಕಾಯುವುದಕ್ಕಾಗಿ ಹೋದವನನ್ನು ಹಳಿಯಬೇಕಾಗಿಲ್ಲ. 'ಕೋರಲ್ ಸೀ'ಯ ಮನವಿಗೆ ಸಹಿ ಹಾಕಿದ ಬಹುಪಾಲು ನಾವಿಕರು ಕೊನೆಗೆ ಹಡಗನ್ನೇರಿ ಹೋದರೆಂಬುದನ್ನು ಮರೆಯಬಾರದು. ಅವರ ಅಂತರಂಗದಲ್ಲಿ ಏನಿತ್ತೆಂದು ತೀರ್ಪುಕೊಡಲು ನಾವಾರು?

ಹಾಗಾದರೆ ನಿರಾಕರಿಸಿದ ಸೈನಿಕನಿಗೆ ಊರು ಸಲ್ಲಿಸಬೇಕಾದುದೇನು? ನನ್ನ ತಿಳಿವಿನಂತೆ ಮೂರು. ಒಂದು, ಅವನ ಮಾತನ್ನು ಕೇಳುವುದು. ಎರಡು, ಅವನನ್ನು ಬೇಟೆಯಾಡಲು ತನ್ನ ಕೈಯನ್ನು ಕೊಡದಿರುವುದು. ಮೂರು, ಅವನಿಗೂ ಅವನ ಮನೆಯವರಿಗೂ ನೀರು, ಬೆಳಕು, ಮಕ್ಕಳ ಶಾಲೆ ಮೊದಲಾದ ನಾಗರಿಕ ಜೀವನದ ಸವಲತ್ತುಗಳನ್ನು ತಪ್ಪಿಸದಿರುವುದು. ಊರು ಸಲ್ಲಿಸಬಾರದುದು ಎರಡು. ಅವನನ್ನು ಸುಳ್ಳು ಹೇಳಿ ಬಚ್ಚಿಡಬಾರದು, ಅವನಿಗಾಗಿ ಆಯುಧ ಹಿಡಿಯಬಾರದು. ಬರ್ಕ್ಲಿಯ ಗೊತ್ತುವಳಿಯು ಬಹುಮಟ್ಟಿಗೆ ಈ ಎಲ್ಲೆಯೊಳಗೇ ನಿಂತಿತು. ಅದು ನಡೆದದ್ದು ಕದ್ದುಮುಚ್ಚಿ ಅಲ್ಲ, ಎಲ್ಲರಿಗೂ ಕಾಣುವ ಸಭಾಂಗಣದಲ್ಲಿ, ಚುನಾಯಿತ ಪ್ರತಿನಿಧಿಗಳ ಮತದಿಂದ. ಆದಕಾರಣ ಅದನ್ನು ನಾನು ಸರಿಯೆನ್ನುತ್ತೇನೆ.

ಅದರಿಂದ ಪ್ರಯೋಜನವಾಗಲಿಲ್ಲವೆಂಬ ಮಾತಿಗೂ ಈಗ ಉತ್ತರಿಸಬಹುದು. ಬಿತ್ತಿದ ಬೀಜ ಬಿತ್ತಿದ ಹೊಲದಲ್ಲಿಯೇ ಬೆಳೆಯಬೇಕೆಂದಿಲ್ಲ. 1980ರ ದಶಕದಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್, ಗ್ವಾಟೆಮಾಲಾ ದೇಶಗಳ ಅಂತರ್ಯುದ್ಧದಿಂದ ಓಡಿಬಂದವರಿಗೆ 1982ರ ಮಾರ್ಚಿನಲ್ಲಿ ಬಹಿರಂಗವಾಗಿ ಆಶ್ರಯ ಸಾರಿದ ಚರ್ಚುಗಳಲ್ಲಿ ಅದೇ ಯೂನಿವರ್ಸಿಟಿ ಲೂಥರನ್ ಚಾಪೆಲ್ ಇತ್ತು. 1985ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರವು ತನ್ನನ್ನು ಆಶ್ರಯನಗರವೆಂದು ಕರೆದುಕೊಂಡಿತು, 1989ರಲ್ಲಿ ಅದನ್ನು ಕಾನೂನಾಗಿಸಿತು. ಇಂದು ವಲಸಿಗರ ವಿಷಯದಲ್ಲಿ ಅಮೆರಿಕದ ರಾಜಕೀಯದಲ್ಲಿ ಇಷ್ಟೊಂದು ವಾದವಿವಾದಕ್ಕೆ ಕಾರಣವಾಗಿರುವ 'ಆಶ್ರಯನಗರ' ಎಂಬ ಕಲ್ಪನೆಯ ಮೊದಲ ಹೆಜ್ಜೆಗಳಲ್ಲಿ, ಯುದ್ಧಕ್ಕೆ ಹೋಗಲೊಲ್ಲದ ಬೆರಳೆಣಿಕೆಯ ನಾವಿಕರಿಗಾಗಿ ತೆಗೆದುಕೊಂಡ ಆ ತೀರ್ಮಾನವೂ ಒಂದು. ವಿಯೆಟ್ನಾಂ ಕಾಲದ ತಪ್ಪಿತಸ್ಥರಿಗೆ ರಾಜ್ಯವೂ ತಡವಾಗಿ ಕಣ್ಣು ತೆರೆಯಿತು. 1977ರ ಜನವರಿ 21ರಂದು ಅಧ್ಯಕ್ಷ ಕಾರ್ಟರ್ ಕಡ್ಡಾಯ ಸೇವೆಯನ್ನು ತಪ್ಪಿಸಿಕೊಂಡವರಿಗೆ ಕ್ಷಮೆಯಿತ್ತರು. ಆದರೆ ಸೇನೆಗೆ ಸೇರಿದ ಮೇಲೆ ತೊರೆದವರಿಗೆ ಆ ಕ್ಷಮೆ ಅನ್ವಯಿಸಲಿಲ್ಲ. ಮನೆಯಿಂದಲೇ ಹೋಗದಿದ್ದವನಿಗೆ ಕ್ಷಮೆ, ಹೋಗಿ ಕಂಡು ನೊಂದು ಮರಳಿದವನಿಗೆ ಇಲ್ಲ. ಕಣ್ಣಾರೆ ಕಂಡವನ ಸಾಕ್ಷಿಯೇ ಹೆಚ್ಚಿನದಲ್ಲವೆ?

ಈ ಪ್ರಶ್ನೆ ಹಳೆಯದಾಗಿಲ್ಲ. 2022ರ ಸೆಪ್ಟೆಂಬರಿನಲ್ಲಿ ರಷ್ಯಾ ಉಕ್ರೇನಿನ ಮೇಲಿನ ಯುದ್ಧಕ್ಕಾಗಿ 3 ಲಕ್ಷ ಮಂದಿಯನ್ನು ಕರೆಸಿಕೊಳ್ಳುವುದಾಗಿ ಘೋಷಿಸಿದಾಗ, ಜಾರ್ಜಿಯಾ ಮತ್ತು ಕಜಕಸ್ತಾನದ ಗಡಿಗಳಲ್ಲಿ ಯುವಕರ ಸಾಲುಗಳು ಮೈಲಿಗಟ್ಟಲೆ ಬೆಳೆದವು. ಕೆಲವು ದೇಶಗಳು ಅವರಿಗೆ ಬಾಗಿಲು ತೆರೆದವು, ಕೆಲವು ಮುಚ್ಚಿದವು. ಬಾಗಿಲ ಬಳಿ ನಿಂತವನು ಯಾರ ಮಗನೆಂದು ಕೇಳಬೇಕೋ, ಅವನು ಏನನ್ನು ಮಾಡಲೊಲ್ಲೆನೆಂದು ಬಂದಿದ್ದಾನೆಂದು ಕೇಳಬೇಕೋ ಎಂಬ ಪ್ರಶ್ನೆ ಇಂದೂ ಜೀವಂತವಾಗಿದೆ.

ನಮ್ಮ ದೇಶದ ಪರಿಸ್ಥಿತಿ ಬೇರೆ. ಇಲ್ಲಿ ಕಡ್ಡಾಯ ಸೈನ್ಯಸೇವೆಯಿಲ್ಲ, ಸ್ವಇಚ್ಛೆಯಿಂದ ಸೇರಿದವರೇ ನಮ್ಮ ಸೈನಿಕರು. ದೇಶರಕ್ಷಣೆಯು ಸಂವಿಧಾನದ ಪ್ರಕಾರ ಕೇಂದ್ರದ ಪಟ್ಟಿಯಲ್ಲಿರುವ ವಿಷಯ. 1950ರ ಸೇನಾ ಕಾಯಿದೆಯಂತೆ ಯುದ್ಧಸೇವೆಯಲ್ಲಿರುವಾಗ ಪಡೆಯನ್ನು ತೊರೆದರೆ ಮರಣದಂಡನೆಯವರೆಗೂ ಶಿಕ್ಷೆಯಾಗಬಹುದು. ಬರ್ಕ್ಲಿಯ ಗೊತ್ತುವಳಿಯನ್ನು ನಮ್ಮ ಗ್ರಾಮ ಪಂಚಾಯಿತಿಯ ಕಡತದಲ್ಲಿ ನಕಲು ಮಾಡಿರೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅವಿವೇಕವಾದೀತು. ಆದರೆ ಯುದ್ಧದ ಸುದ್ದಿ ಬಂದ ದಿನ ನಮ್ಮ ಊರಿನ ಕಟ್ಟೆಯ ಮೇಲೆ ಏನು ಮಾತು ನಡೆಯುತ್ತದೆಂಬುದು ನಮ್ಮ ಕೈಯಲ್ಲಿದೆ. ಕಾದಲಾರದೆ ಮರಳಿದವನ ತಾಯಿಗೆ ಬಾವಿಕಟ್ಟೆಯಲ್ಲಿ ಕೇಳಿಬರುವ ಚುಚ್ಚುಮಾತಿಗೆ ಯಾವ ಕೇಂದ್ರ ಕಾನೂನಿನ ಆಜ್ಞೆಯೂ ಇಲ್ಲ. ಅದನ್ನು ಆಡುವವರು ನಾವೇ, ನಿಲ್ಲಿಸಬಲ್ಲವರೂ ನಾವೇ.

ಕಲ್ಯಾಣದಲ್ಲಿ ರಾಜಕೋಪವೆದ್ದಾಗ ಶರಣರು ಉಳವಿಯತ್ತ ನಡೆದರೆಂದು ನಮ್ಮ ಪರಂಪರೆ ಹೇಳುತ್ತದೆ. ಅಷ್ಟು ದೂರದ ಹಾದಿಯಲ್ಲಿ ಅವರಿಗೆ ಯಾರೋ ಅನ್ನವಿಕ್ಕಿರಬೇಕು, ಯಾರೋ ಬಾಗಿಲು ತೆರೆದಿರಬೇಕು, ಯಾರೋ ಬೆನ್ನಟ್ಟಿ ಬಂದವರಿಗೆ ದಾರಿ ತೋರಿಸಲು ಒಲ್ಲೆನೆಂದಿರಬೇಕು. ಅವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಆ ಹೆಸರಿಲ್ಲದವರ ಸಾಲಿಗೆ ಸೇರಲು ಅರಸುತನ ಬೇಕಾಗಿಲ್ಲ. ಕೇಳಿದಾಗ ಕೈ ಹಿಂದೆಗೆಯುವ ಸ್ಥೈರ್ಯವಿದ್ದರೆ ಸಾಕು.